ಹೊಸ ಸೊಸೆಗೆ ಒಂದು ಮನೆಯಷ್ಟು ನೆಲ ಬಿಟ್ಟುಕೊಡುವ ಕುರಿತು

ಮೀಥೇನ್ ಉಣ್ಣುವ ಸಮಸ್ತ ಬ್ಯಾಕ್ಟೀರಿಯಾ ಬಾಂಧವರಿಗೆ,
ಕೆರೆಯ ಮೇಲಿನ ಒಣದಿಣ್ಣೆ, ಸಖಾ ಸೀಮೆ, ಸೈಬೀರಿಯಾ

ಕಣ್ಣಿಗೆ ಕಾಣದಷ್ಟು ಸೂಕ್ಷ್ಮರೂ ಹಸಿವಿನಲ್ಲಿ ಕುದುರೆಮಂದೆಯನ್ನೂ ನಾಚಿಸುವವರೂ ಆದ ಮಾನ್ಯರೇ,

ಈ ಬೇಸಿಗೆಯಷ್ಟೇ ಮಿಚಿಲ್‌ನ ಕೈಹಿಡಿದು ಈ ಊರಿಗೆ ಬಂದ ನಾರಿಯಾ ಎಂಬ ನಾನು, ನೆಲಕ್ಕೆ ಮೂಗು ತಾಗುವಷ್ಟು ಬಾಗಿ ತಮಗೆ ವಂದಿಸುತ್ತೇನೆ. ನಾನೆಷ್ಟು ಸುಖಿ ಎಂದು ಬರೆಯತೊಡಗಿದರೆ ಕಾಗದ ಸಾಲದು! ನನ್ನ ಗಂಡ ಪ್ರಪಂಚದಲ್ಲೇ ಅತಿ ಮುದ್ದಾದ ಮಣ್ಣಿನ ವಿಜ್ಞಾನಿ. ದೂರು ಇಷ್ಟೇ: ಬೆಳಿಗ್ಗೆ ಎದ್ದೊಡನೆ ಅವನು ವಿಚಾರಿಸುವುದು ನನ್ನ ಕ್ಷೇಮವನ್ನಲ್ಲ, ತಮ್ಮ ಹಸಿವನ್ನು.

ಹೆಪ್ಪುಗಟ್ಟಿದ್ದ ನೆಲ ಕರಗಿ ಕೆಳಗಿನ ಕೇರಿಯ ಮನೆಗಳೆಲ್ಲ ವಾಲುತ್ತಿವೆ. ಅತ್ತೆಯ ಮನೆಯಲ್ಲಿ ಮೇಜಿನ ಮೇಲಿಟ್ಟ ಚಹಾದ ಬಟ್ಟಲು ತಾನಾಗಿಯೇ ಜಾರುತ್ತದೆ. ಅತ್ತೆಯ ಹಾಸಿಗೆಗೂ ನಮ್ಮದಕ್ಕೂ ನಡುವೆ ಇರುವುದು ಬರೀ ಒಂದು ಪರದೆ. ಹಾಗಾಗಿ ತಾವು ವಾಸವಿರುವ ಗಟ್ಟಿ ದಿಣ್ಣೆಯನ್ನೇ ಊರ ಹಿರಿಯರು ನಮಗೆ ಕೊಟ್ಟು, ಮದುವೆಯ ದಿನ ಅಲ್ಲಿ ಕುದುರೆ ಕಟ್ಟುವ ಸೆರ್ಗೆ ಕಂಬವನ್ನೂ ನೆಟ್ಟರು. ಸೆರ್ಗೆ ನೆಟ್ಟ ಮೇಲೆ ಚಳಿಗಾಲದೊಳಗೆ ಮನೆ ಏಳಲೇಬೇಕಲ್ಲವೇ? ಮಿಚಿಲ್ ಮಾತ್ರ ಒಪ್ಪಲಿಲ್ಲ.

"ಮನೆ ಎದ್ರೆ ನೆರಳಾಗುತ್ತೆ, ತೇವ ನಿಲ್ಲುತ್ತೆ, ಪಾಪ, ಅವಕ್ಕೆ ಉಸಿರು ಕಟ್ಟುತ್ತೆ ಕಣೇ! ನೆಲ ಬೆಚ್ಚಗಾದಷ್ಟೂ ಜಾಸ್ತಿ ತಿಂತಿವೆ, ಗೊತ್ತಾ?"

ಗೊತ್ತು. ಭೂಮಿಯನ್ನು ಕಾಯಿಸುವ ಅನಿಲವನ್ನು ಗಾಳಿಯಿಂದಲೇ ಹೀರಿ ಅರಗಿಸಿಕೊಳ್ಳುವ ತಾವು ಮಹಾತ್ಮರು. ಆದರೆ ಮಹಾತ್ಮರಿಗೆ ಇಡೀ ದಿಣ್ಣೆ ಬೇಕೆ?

ನನ್ನ ಸಪ್ಪೆ ಮೋರೆ ನೋಡಲಾರದೆ ಅತ್ತೆ ಮಾತ್ರ್ಯೋನಾ ಮಣ್ಣಿನ ಅಪ್ಪಣೆ ಬೇಡಲು ಹೊರಟರು. ಚಮಚದಲ್ಲಿ ಚಿಮುಕಿಸಬೇಕಾದ ಕುಮಿಸ್ ಅನ್ನು, ಆ ಹುಳಿಬಂದ ಕುದುರೆಹಾಲನ್ನು, ಸೊಸೆಯ ಮೇಲಿನ ಅಕ್ಕರೆಗೆ ಬಕೆಟ್ಟಿನಲ್ಲೇ ಒಯ್ದು, ತಾವು ಉಂಡದ್ದೆಷ್ಟೆಂದು ಅಳೆಯಲು ಮಿಚಿಲ್ ನೆಲದಲ್ಲಿ ಹುದುಗಿಸಿದ್ದ ಅಗಲ ಬಳೆಗಳೊಳಗೆ ಸುರಿದುಬಿಟ್ಟರು. ನೈವೇದ್ಯಕ್ಕೆಂದು ಮಗನೇ ಬಟ್ಟಲು ಹೂತಿಟ್ಟಿದ್ದಾನೆಂದು ಅವರ ಎಣಿಕೆ! ಮರುದಿನ ತಮ್ಮ ಊಟ ನಿಂತಿತ್ತು.

"ಅಮ್ಮಾ, ಏನ್ ಮಾಡಿಬಿಟ್ಟೆ! ಒಂದೂ ತಿಂತಿಲ್ಲ!"

"ಹೊಟ್ಟೆ ತುಂಬಿದ್ರೆ ಯಾರು ತಿಂತಾರೋ? ನಿನ್ನ ಮದುವೇಲಿ ಎಲ್ಲಾ ಇದನ್ನೇ ಕುಡಿದು ಕುಣಿದ್ರಲ್ಲ, ಯಾರು ಸತ್ರು?"

ಮಿಚಿಲ್ ತಲೆಯ ಮೇಲೆ ಕೈಹೊತ್ತು ಕುಳಿತ. ಆಮೇಲೆ ಒಂದೊಂದೇ ಬಳೆಯನ್ನು ಕಿತ್ತು ಒರೆಸುತ್ತ, "ಆ ಮೂಲೆ ಇನ್ನು ಅಳತೆಗೆ ಬರಲ್ಲ. ಮನೆ ಅಲ್ಲೇ ಕಟ್ಟೋಣ ಬಿಡು" ಎಂದ. ನಾನು ಮುಖದಲ್ಲಿ ಸೂತಕವನ್ನೂ ಹೊಟ್ಟೆಯೊಳಗೆ ಕುಣಿತವನ್ನೂ ಒಟ್ಟಿಗೇ ನಿಭಾಯಿಸಿದೆ.

ಈಗ ಮರದ ದಿಮ್ಮಿಗಳು ಬಂದಿಳಿದಿವೆ. ಆದ್ದರಿಂದ ವಿನಂತಿ: ಅಗಲಿದವರಿಗೆ ನನ್ನ ಸಂತಾಪ ಸಲ್ಲಿಸಿ, ಬದುಕುಳಿದವರು ದಯಮಾಡಿ ದಿಣ್ಣೆಯ ಆಚೆ ಬದಿಗೆ ಸರಿದು, ಸತ್ತವರ ಪಾಲನ್ನೂ ಉಂಡು, ಕೆಳಗಿನ ಕೆಸರು ಉಗುಳುವ ಮೀಥೇನನ್ನೂ ನೆಕ್ಕಿ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ಮನೆ ನೆಟ್ಟಗೆ ನಿಲ್ಲುವಷ್ಟು ಭೂಮಿಯನ್ನು ತಣ್ಣಗಿಡಿ. ಭಾನುವಾರ ಮಾತ್ರ ಉಪವಾಸವಿರಿ; ಅಳೆಯಲು ಏನೂ ಇಲ್ಲದ ಗಂಡ ಹೇಗಿರುತ್ತಾನೆಂದು ನೋಡುವ ಆಸೆ ನನಗಿದೆ.

ತಮ್ಮ ವಿಶ್ವಾಸಿ,
ತಮ್ಮ ತಲೆಯ ಮೇಲೆಯೇ ಸಂಸಾರ ಹೂಡಲಿರುವ
ನಾರಿಯಾ

ಮರೆತದ್ದು: ತಮಗೆ ಕಿವಿಯಿಲ್ಲವೆಂದು ಮಿಚಿಲ್ ಆಣೆಯಿಟ್ಟು ಹೇಳಿದ್ದಾನೆ. ಹಟ ಹಿಡಿದು ನಮ್ಮ ಮಲಗುವ ಕೋಣೆಯ ಅಡಿಯಲ್ಲೇ ಉಳಿಯುವವರು ಆ ಮಾತನ್ನು ಸುಳ್ಳು ಮಾಡಬಾರದಾಗಿ ಕೋರಿಕೆ.