ನಾನು ಬೀಟ್‌ರೂಟು ತಿಂದದ್ದು

ಬೀಟ್‌ರೂಟು ಕಚ್ಚುವಾಗ ನಾನು ಎಲ್ಲಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ ಆಗಲೇ ಬೇರೆ ಕಥೆ ಓಡಾಡುತ್ತಿದೆ. ಇಂದು ಶನಿವಾರ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಸೇಡಂ ಸೀಮೆಯ ನಮ್ಮ ಶಾಲೆಯ ನಲ್ಲಿಗೂ ಬೀಟ್‌ರೂಟಿನ ಪಾತಿಗೂ ನಡುವೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ.

ನಮ್ಮ ಶಾಲೆಯ ನೆಲದಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಬರೀ ಪರಸಿ, ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಕೆಳಗಿಳಿಯಲು ದಾರಿ ಕಾಣದ ಗಡ್ಡೆಗಳು ಕೆಲವು ಪಕ್ಕಕ್ಕೆ ಹೊರಳಿದ್ದವು, ಕೆಲವು ಎರಡು ಕಾಲು ಚಾಚಿದ್ದವು. ನನ್ನ ಏಳನೇ ತರಗತಿಯ ಮಕ್ಕಳು ಕಿತ್ತು ತಂದಾಗ, ಹೆತ್ತವರು ಹೇಳುವ ಹಾಗೆ, ಚಂದ ಇವೆ ಎಂದೆ.

ಮುಖ್ಯಗುರು ಶರಣಪ್ಪನವರು ಒಂದನ್ನು ಬೂಟಿನ ತುದಿಯಿಂದ ಹೊರಳಿಸಿದರು. “ಆಚಾರ್ರ, ಇದು ಬೀಟ್‌ರೂಟ್ ಏನ್ರಿ? ಯಾರೋ ತುಳದಂಗ ಅದ. ಪಾತಿ ತಗದು ಪರಸಿ ಹಾಸಿಬಿಡೋಣ. ತಪಾಸಣಿಗಿ ಸಾಹೇಬ್ರು ಬಂದ್ರ ಕುರ್ಚಿ ಹಾಕಲಿಕ್ಕರ ಆಗ್ತದ.”

“ಮಕ್ಕಳು ಕೊಡ ಹೊತ್ತು ನೀರು ಹಾಕ್ಯಾರ್ರಿ,” ಎಂದೆ.

“ಹಾಕ್ಲಿ. ತಿನ್ನೋರು ಯಾರು? ನಿಮ್ಮನ್ಯಾಗ ಇದು ಹೊಸ್ತಿಲ ದಾಟಂಗಿಲ್ಲ!”

ಮಾತು ನಿಜ. ನಮ್ಮದು ವೈಷ್ಣವರ ಮನೆ. ನೈವೇದ್ಯಕ್ಕೆ ಸಲ್ಲದ ಈ ಕೆಂಪು ಗಡ್ಡೆಯನ್ನು ಅಮ್ಮ ಒಳಗೆ ಬಿಟ್ಟವಳಲ್ಲ. ನಾನು ಅದನ್ನು ಬೆಳೆದಿದ್ದೆ, ತಿಂದಿರಲಿಲ್ಲ. ಮಕ್ಕಳೆಲ್ಲ ನನ್ನತ್ತ ನೋಡಿದರು.

“ಯಾರು ತಿನ್ನಂಗಿಲ್ಲಂದ್ರಿ?” ಎಂದು ಎಲ್ಲಕ್ಕಿಂತ ಚಪ್ಪಟೆಯದನ್ನೇ ಎತ್ತಿಕೊಂಡೆ.

“ತೊಳದರ ತಿನ್ರೀ ಆಚಾರ್ರ, ಮಣ್ಣದ!” ಎಂದು ಬಿಸಿಯೂಟದ ಮಲ್ಲಮ್ಮ ಕೂಗಿದಳು. ತೊಳೆಯಲು ಹೋದರೆ ಧೈರ್ಯವೂ ನೀರಿನಲ್ಲಿ ಹೋದೀತೆಂದು ಹಾಗೇ ಕಚ್ಚಿದೆ. ರುಚಿಯಲ್ಲಿ ಗಡ್ಡೆಯ ಪಾಲೆಷ್ಟು, ಮಣ್ಣಿನ ಪಾಲೆಷ್ಟು ಎಂದು ಖಚಿತವಾಗಿ ಹೇಳಲಾರೆ. ರಸ ಗದ್ದದಿಂದ ಬಿಳಿ ಅಂಗಿಗೆ ಇಳಿಯಿತು. ಮಕ್ಕಳೂ ಒಂದೊಂದು ಕಚ್ಚಿದರು.

“ಸಾಕ್ರಿ ಮಾರಾಯ್ರ, ಪರಸಿ ಬ್ಯಾಡ!” ಎಂದರು ಶರಣಪ್ಪನವರು. “ಮೊದ್ಲ ಮಾರಿ ತೊಳ್ಕೋರಿ. ನೋಡಿದವ್ರು ನಾನೇ ಹೊಡದೀನಿ ಅಂತಾರ.”

ಅಷ್ಟರೊಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಮನೆಗೆ ಸುದ್ದಿ ಮುಟ್ಟಿಸಿದ್ದರು: ಆಚಾರ್ಯರು ರಕ್ತ ಕಾರಿಕೊಂಡರು. ನಾನು ಹೋದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಂಗಿ ನೋಡಿದಳು, ಮೂಸಿಯೂ ನೋಡಿದಳು.

“ರಕ್ತ ಇದ್ರ ದವಾಖಾನಿಗಿ ನಡಿ. ಗಡ್ಡಿ ಇದ್ರ ಹೊರಗ ಕಟ್ಟಿ ಮ್ಯಾಲ ಕುಂದ್ರು.”

“ಗಡ್ಡಿನೇ,” ಎಂದೆ. ಎದೆ ಉಬ್ಬಿಸಿಯೇ ಹೇಳಿದೆ.

ಇದನ್ನು ಆ ಕಟ್ಟೆಯ ಮೇಲೆ ಹಸಿದು ಕುಳಿತು ಬರೆಯುತ್ತಿದ್ದೇನೆ. ಪಾತಿ ಉಳಿಯಿತು, ಮುಂದಿನ ಸಲವೂ ಬೀಟ್‌ರೂಟನ್ನೇ ಹಾಕುತ್ತೇನೆ. ನಂಬದವರು ಶರಣಪ್ಪನವರನ್ನು ಕೇಳಲಿ, ಮಲ್ಲಮ್ಮನನ್ನು ಕೇಳಲಿ, ಕಚ್ಚಿ ತಿಂದ ಏಳನೇ ತರಗತಿಯ ಮಕ್ಕಳನ್ನು ಕೇಳಲಿ. ಎಲ್ಲರೂ ಬದುಕಿದ್ದಾರೆ. ಊಟವನ್ನೂ ಮಾಡಿದ್ದಾರೆ.