ಹಲ್ಲಿ ಅಂಟಿನ ಬೋರ್ಡು ಬಿದ್ದ ಫಲ

ಮಂಡಿ ಮೊಹಲ್ಲಾದ ನಿಸರ್ಗಪ್ರೇರಿತ ಅಂಟು ಅಭಿವೃದ್ಧಿ ಮಂಡಳಿಯ ಬೋರ್ಡು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಕಸ ಗುಡಿಸುವ ಮಂಚಮ್ಮನ ಬಲಭುಜದ ಮೇಲೆ ಬಿದ್ದಿರುತ್ತದೆ. ಅದಕ್ಕೆ ಮೊಳೆ ಗಿಳೆ ಹೊಡೆದಿರಲಿಲ್ಲ. ಹಲ್ಲಿಯ ಅಂಗಾಲಿನ ಸಣ್ಣ ರೋಮ ನೋಡಿ, ಅದರಂತೆಯೇ ಇಂಜಿನಿಯರ್ ಪ್ರೇಮ್‌ಕುಮಾರರು ಮೂರು ವರ್ಷ ಏಸಿ ರೂಮಲ್ಲಿ ಕೂತು ಮಾಡಿದ ಅಂಟಿನ ಮೇಲೆ ನಿಂತಿತ್ತು. ಒಂಬತ್ತು ದಿನ ನಿಂತಿತ್ತು, ಸುಳ್ಳು ಹೇಳಬಾರದು.

ಆಸ್ಪತ್ರೆಯವರು ಭುಜಕ್ಕೆ ಉಕ್ಕಿನ ಪಟ್ಟಿ ಕೂರಿಸಿ, ಮೂರು ತಿಂಗಳು ಪೊರಕೆ ಮುಟ್ಟಬೇಡ ಅಂದರು. ಮಂಚಮ್ಮನದು ಗುತ್ತಿಗೆ ಕೆಲಸ. ನಾಲ್ಕು ದಿನ ಕಾಣದಿದ್ದರೆ ಪೊರಕೆ ಬೇರೆಯವಳ ಕೈಗೆ. ಕಚೇರಿಯಲ್ಲೇ ಆದ ಅಪಘಾತ ಅಂತ ಒಂದು ಚೀಟಿ ಬರೆದುಕೊಟ್ಟರೆ ಕೆಲಸ ಉಳಿಯುತ್ತಿತ್ತು. ಅದನ್ನು ಕೇಳಲು ಕೊರಳಿಗೆ ಕೈ ಕಟ್ಟಿಕೊಂಡು ಬಂದಳು.

ಅಪಘಾತ ಅಂತ ಬರೆದರೆ ಅಂಟು ಸೋತಂತೆ. ಅಂಟು ಸೋತರೆ, ಅದನ್ನು ತೋರಿಸಲು ಹೊರಟಿದ್ದ ಪ್ರೇಮ್‌ಕುಮಾರರ ಜಪಾನ್ ಪ್ರವಾಸವೂ ಸೋತಂತೆ. ಅವರ ಹೆಂಡತಿಯೋ, ಆಗಲೇ ಗೋಕುಲಂ ಬಡಾವಣೆ ಪೂರ್ತಿ ಹೊಸ ಸೂಟ್‌ಕೇಸ್ ತೋರಿಸಿಕೊಂಡು ಬಂದಿದ್ದಳು. ಹಾಗಾಗಿ ತನಿಖಾ ಸಮಿತಿ ಕೂತಿತು, ಬೋಂಡಾ ತರಿಸಿತು. ಗುಮಾಸ್ತ ಲಿಂಗಯ್ಯ ಟೆಂಡರ್ ಪತ್ರ ಓದಿದ: ‘ಸದರಿ ಅಂಟು ಎಲ್ಲಾ ವಿಧದಲ್ಲೂ ಹಲ್ಲಿಯಂತೆಯೇ ವರ್ತಿಸತಕ್ಕದ್ದು.’

“ಹಲ್ಲಿ ಬೀಳಲ್ವಾ ಸಾರ್?” ಅಂದ. “ಬೀಳಲ್ಲ ಅನ್ನೋದಾದ್ರೆ ಪಂಚಾಂಗದೋರು ಅದಕ್ಕೆ ಅಂತ ಒಂದು ಪುಟ ಯಾಕೆ ದಂಡ ಮಾಡ್ತಿದ್ರು?”

ಪಂಚಾಂಗ ಬಂತು. ಹೆಂಗಸರ ಭುಜದ ಮೇಲೆ ಬಿದ್ದರೆ ಒಡವೆ ಪ್ರಾಪ್ತಿ ಅಂತಿತ್ತು. ಮಂಚಮ್ಮ ಆಸ್ಪತ್ರೆಯಿಂದ ತಂದಿದ್ದ ಎಕ್ಸ್‌ರೇ ಕಿಟಕಿಗೆ ಹಿಡಿದರು. ಪಟ್ಟಿ ಬೆಳ್ಳಗೆ ಕಂಡಿತು, ಆರು ಸ್ಕ್ರೂ ಸಮೇತ. ಸಮಿತಿ ತಲೆದೂಗಿತು.

ಸಂಜೆಗೆ ಆದೇಶ ಹೊರಟಿತು: ‘ಸದರಿ ಅಂಟು ಹಲ್ಲಿಯಂತೆ ಬಿದ್ದಿರುವುದಲ್ಲದೆ ಫಲವನ್ನೂ ನೀಡಿರುವುದರಿಂದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಫಲಾನುಭವಿಯು ಒಡವೆ ಸ್ವೀಕರಿಸಿದ್ದಕ್ಕೆ ಹೆಬ್ಬೆಟ್ಟು ಒತ್ತತಕ್ಕದ್ದು. ಒತ್ತಿದಲ್ಲಿ ಒಂದೇ ಕೈಯಲ್ಲಿ ಮಾಡಬಹುದಾದ ಕೆಲಸ ನೀಡಲಾಗುವುದು.’

“ನೋಯ್ತದೆ ಕಣ್ರೀ,” ಅಂದಳು ಮಂಚಮ್ಮ.

“ಹೊಸ ಒಡವೆ ಕಣಮ್ಮ, ಮೊದಮೊದಲು ಒತ್ತುತ್ತೆ,” ಅಂತ ಲಿಂಗಯ್ಯ ಮಸಿ ಪ್ಯಾಡು ಮುಂದೆ ಸರಿಸಿದ.

ಎಡಗೈಯ ಹೆಬ್ಬೆಟ್ಟು ಒತ್ತಿದಳು. ಕೆಲಸ ಉಳಿಯಿತು.

ಬೋರ್ಡನ್ನು ಅದೇ ಅಂಟು ಹಚ್ಚಿ ಮತ್ತೆ ಏರಿಸಿದರು. ಸುದ್ದಿ ಮಂಡಕಳ್ಳಿವರೆಗೂ ಹೋಗಿ, ಈಗ ಅದರ ಕೆಳಗೆ ದಿನಾ ಹೆಂಗಸರ ಸಾಲು. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ. ಸಾಲು ನೋಡಿಕೊಳ್ಳುವುದು ಮಂಚಮ್ಮನ ಒಂಟಿಗೈ ಕೆಲಸ.

“ಭುಜ ಕೊಟ್ಟು ನಿಂತ್ಕೊಳ್ರಮ್ಮ, ತಲೆ ಕೊಡಬ್ಯಾಡಿ,” ಅನ್ನುತ್ತಾಳೆ. “ತಲೇದು ಪಂಚಾಂಗದ ಆ ಪುಟದಲ್ಲಿ ಬ್ಯಾರೆ ಬರೆದವ್ರೆ.”