ಚಿನ್ನದ ಲೇಬಲ್ಲಿನ ಬೀರು

ಒಂದು ಅಂಗಡಿಯಲ್ಲಿ ಸಾದಾ ಮಾಲು, ದುಬಾರಿ ಮಾಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತರೆ ಸಾಕು, ತಮಾಷೆ ತಾನಾಗೇ ಬಸ್ಸಿಳಿದು ಬರುತ್ತದೆ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಾನು ಕಡೂರಿನ ಬಸ್‌ ಸ್ಟ್ಯಾಂಡಿನ ಹಿಂದಿದ್ದ ಒಂದು ಬ್ರಾಂದಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೆಲಸ ಅನ್ನುವುದಕ್ಕಿಂತ ಅದನ್ನು ಕನಸು ಅನ್ನಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಕಿಟಕಿಯ ಬಿಸಿಲು ಬೀರು ಬಾಟ್ಲಿಗಳನ್ನು ಹಾದು ಎದುರು ಗೋಡೆಯ ಮೇಲೆ ಜೇನಿನ ಬಣ್ಣದಲ್ಲಿ ಬೀಳುತ್ತಿತ್ತು. ಸ್ಟೇಷನ್ನಿಗೆ ರೈಲು ಬಂದರೆ ಬಾಟ್ಲಿಗಳು ಒಂದಕ್ಕೊಂದು ಮೆಲ್ಲಗೆ ತಾಗಿ, ಗೋಡೆಯ ಬೆಳಕೂ ಒಂದಿಷ್ಟು ಅಲುಗುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಾ, ಟಿಕೆಟ್ಟಿಲ್ಲದೆ ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದೆ.

ಆ ಸುಖಕ್ಕೆ ಕುತ್ತು ಬಂದಿದ್ದು ಒಂದು ಬೇಸಿಗೆಯಲ್ಲಿ. ನಮ್ಮ ಯಜಮಾನರು ಬೀರು ಕಂಪನಿಯ ಏಜೆಂಟನ ಮಾತಿಗೆ ಮರುಳಾಗಿ, ಚಿನ್ನದ ಬಣ್ಣದ ಲೇಬಲ್ಲಿನ ಬೀರನ್ನು ಹತ್ತು ಪೆಟ್ಟಿಗೆ ಇಳಿಸಿಕೊಂಡರು. ಅದೇ ಕಂಪನಿಯ ಬಿಳಿ ಲೇಬಲ್ಲಿನ ಸಾದಾ ಬೀರು ನಮ್ಮಲ್ಲಿ ಮೊದಲಿಂದಲೂ ಇತ್ತು. ಬಾಟ್ಲಿ ಅದೇ, ಮುಚ್ಚಳ ಅದೇ, ದರ ಮಾತ್ರ ಎರಡರಷ್ಟು. ಒಂದು ತಿಂಗಳಾದರೂ ಚಿನ್ನದ್ದನ್ನು ಯಾರೂ ಮೂಸಿ ನೋಡಲಿಲ್ಲ. ಯಜಮಾನರು ನನ್ನನ್ನು ಕರೆದು, "ಲೇ, ಗೋಡೆ ನೋಡ್ಕಂಡ್ ಕೂತಿರ್ತೀಯ, ಎಲ್ಲಿಂದ ಮಾಲು ಹೋಗ್ತದೆ? ಮಳೆ ಹಿಡಿಯೋದ್ರೊಳಗೆ ಇದಿಷ್ಟೂ ಖಾಲಿಯಾಗ್ಬೇಕು. ಆಗ್ಲಿಲ್ವೋ, ತರೀಕೆರೆ ಬಸ್ಸು ಹತ್ತು" ಅಂದರು.

ತರೀಕೆರೆಯಲ್ಲಿ ನನ್ನ ಅಣ್ಣನ ಹಿಟ್ಟಿನ ಗಿರಣಿ ಇತ್ತು. ಅಣ್ಣ ಒಳ್ಳೆಯವನೇ. ಆದರೆ ಆ ಗಿರಣಿಯ ಸದ್ದಿನಲ್ಲಿ ಕನಸು ಕಾಣುವುದಿರಲಿ, ನೆಮ್ಮದಿಯಾಗಿ ಆಕಳಿಸಲೂ ಆಗುತ್ತಿರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಇನ್ನೂ ಹಸಿ

ಮೊದಲು ಸಿಕ್ಕ ಗಿರಾಕಿ ಕೊಬ್ಬರಿ ಮಂಡಿಯ ಸಾಹುಕಾರರು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಕೊಬ್ಬರಿ ಲೊಟಲೊಟ ಅನ್ನುವುದನ್ನು ಕೇಳಿಯೇ ಅದರ ಹಣೆಬರಹ ಹೇಳುವವರು. ಅವರ ಕಿವಿ ಸುಳ್ಳು ಹೇಳಿದ್ದನ್ನು ಕಡೂರಿನಲ್ಲಿ ಯಾರೂ ಕಂಡಿರಲಿಲ್ಲ.

"ಅಷ್ಟು ದುಡ್ಡು ಕೊಡೋವಂಥದ್ದು ಇದ್ರಾಗೆ ಏನೈತೋ?" ಅಂತ ಬಾಟ್ಲಿ ಇಸಿದುಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ಕಿವಿಗೆ ಹಿಡಿದು ಜೋರಾಗಿ ಅಲ್ಲಾಡಿಸಿದರು. ಹುಬ್ಬು ಗಂಟಿಕ್ಕಿತು. "ಸದ್ದೇ ಇಲ್ವಲ್ಲೋ. ಇನ್ನೂ ಹಸಿ ಇದ್ದಂಗಿದೆ. ಬೇರೆ ಕೊಡು."

ಬೇರೆ ಕೊಟ್ಟೆ. ಅದನ್ನೂ ಅಲ್ಲಾಡಿಸಿದರು. ನಾಲ್ಕನೆಯದು ಅವರ ಮನಸ್ಸಿಗೆ ಬಂತು. "ಸಾವ್ಕಾರ್ರೇ, ಒಂದು ಗಳಿಗೆ ಸುಧಾರಿಸ್ಕಳ್ಳಿ, ಆಮೇಲೆ ತೆಗೀತೀನಿ" ಅಂದೆ. "ಅಲ್ಲಿ ಮಂಡಿ ನನ್ನ ಕಾಯ್ಕಂಡ್ ಕೂತೈತೆ, ತೆಗಿ" ಅಂದರು. ತೆಗೆದೆ. ಬೀರು ನೆಟ್ಟಗೆ ಸೂರಿಗೆ ಹೋಗಿ, ಅಲ್ಲಿಂದ ಅವರ ಗರಿಗರಿ ಜುಬ್ಬದ ಮೇಲೆ ಇಳಿಯಿತು. ನೊರೆ ಹಂಚಿನಿಂದ ತೊಟ್ಟಿಕ್ಕುವುದನ್ನು ಇಬ್ಬರೂ ತಲೆಯೆತ್ತಿ ನೋಡುತ್ತಾ ನಿಂತೆವು. ಸುಳ್ಳೇಕೆ ಹೇಳಲಿ, ಬಿಸಿಲಿನಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು.

ಬಾಟ್ಲಿಯ ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ಸಾಹುಕಾರರು ಅದನ್ನು ಕುಡಿದು, ಮೀಸೆ ಒರೆಸಿಕೊಂಡು, ಯೋಚಿಸಿ ತೀರ್ಪು ಕೊಟ್ಟರು: "ಮಾಲು ಚೆನ್ನಾಗೇ ಐತೆ ಕಣೋ. ಆದ್ರೆ ಇಳುವರಿ ಕಡಿಮೆ."

ಟವಲ್ಲಿನ ಕೆಳಗೆ

ಇನ್ನೊಬ್ಬರು ಅಜ್ಜಂಪುರದ ಕಡೆಯ ಎತ್ತಿನ ದಲ್ಲಾಳಿ. ದನದ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಟವಲ್ಲು ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಮುಗಿಸುತ್ತಾರೆ. ಚಿನ್ನದ ಲೇಬಲ್ಲಿನ ದರ ಕೇಳಿದ್ದಕ್ಕೆ ನಾನು ಎಲ್ಲರೆದುರು ಜೋರಾಗಿ ಹೇಳಿಬಿಟ್ಟೆ. ಅವರಿಗೆ ನಾಚಿಕೆಯಾಯಿತು. "ಶ್, ಹಂಗೆಲ್ಲ ಬಾಯ್ಬಿಡಬಾರ್ದು ತಮ್ಮಾ" ಅನ್ನುತ್ತಾ ಹೆಗಲ ಟವಲ್ಲನ್ನು ಗಲ್ಲಾದ ಮೇಲಿದ್ದ ನನ್ನ ಕೈಗೆ ಮುಚ್ಚಿ, ಒಳಗೆ ಕೈಹಾಕಿ ನನ್ನ ಮೂರು ಬೆರಳು ಅಮುಕಿದರು.

ನನಗೆ ಆ ಭಾಷೆ ಬಾರದು. ಕಚಗುಳಿಯಾಗಿ ಕೈ ಎಳೆದುಕೊಂಡೆ. ಬಿಗಿ ಹಿಡಿಯುತ್ತಿದ್ದೇನೆ ಅಂದುಕೊಂಡು ಅವರು ಇನ್ನೊಂದು ಬೆರಳು ಸೇರಿಸಿದರು. ಮತ್ತೆ ಎಳೆದೆ. "ಹುಡುಗ ಘಾಟಿ" ಅಂತ ಪಕ್ಕದವರಿಗೆ ಹೇಳಿ ಮೆಚ್ಚಿಕೊಂಡರು. ಹೀಗೆ ಹೇಗೋ ವ್ಯಾಪಾರ ಕುದುರುವ ಹಂತಕ್ಕೆ ಬಂದಾಗ, "ಆಯ್ತು, ಎಷ್ಟು ಹಲ್ಲಿಂದು ಇದು?" ಅಂದರು. ವಯಸ್ಸೆಷ್ಟು ಅಂತ.

ಯಜಮಾನರು ನನಗೆ ಕಲಿಸಿಕೊಟ್ಟಿದ್ದ ಮಾತು ಅದೊಂದೇ. ಹುರುಪಿನಿಂದ ಶುರುಮಾಡಿದೆ: "ಅಲ್ಲೇ ಇರೋದು ನೋಡಿ ಸಾಮಿ. ಸಾದಾ ಬೀರು ಎಳೇದು. ಇದನ್ನ ತಿಂಗಳುಗಟ್ಟಲೆ ತಣ್ಣಗಿಟ್ಟು ಹದ ಬರ್ಸಿರ್ತಾರೆ. ಹಳೇದಾದಷ್ಟೂ ದರ ಜಾಸ್ತಿ."

ದಲ್ಲಾಳಿ ಟವಲ್ಲಿನಿಂದ ಕೈ ಹೊರಗೆ ತೆಗೆದರು. ಆಮೇಲೆ ಹತ್ತಿರ ಬಂದು ಮೆತ್ತಗೆ ಕೇಳಿದರು: "ಹಳೇದಾದಷ್ಟೂ ಜಾಸ್ತಿ ಕೊಡೋರು ಇದ್ದಾರೇನಪ್ಪಾ? ನಮ್ಮ ಕೊಟ್ಟಿಗೇಲಿ ಹದಿನಾರು ವರ್ಷದ ಎತ್ತೊಂದೈತೆ, ನಿಮ್ಮ ಯಜಮಾನ್ರನ್ನ ಒಂದ್ಮಾತು ಕೇಳು."

ಕಲ್ಲಿಗೆ ಔಷಧಿ

ಒಂದು ಮಧ್ಯಾಹ್ನ ನಾನು ಗೋಡೆಯ ಬೆಳಕಿನಲ್ಲಿ ಮುಳುಗಿದ್ದಾಗ ಬಾಗಿಲಿಗೆ ಒಂದು ಕೊಡೆ ಬಂತು. ಕೊಡೆಯ ಕೆಳಗೆ ಹಣೆತುಂಬ ವಿಭೂತಿ ಧರಿಸಿದ ಹಿರಿಯರೊಬ್ಬರು. ಜನ್ಮದಲ್ಲಿ ಇಂಥ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ ಅನ್ನುವುದು ಅವರು ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರಲ್ಲೇ ತಿಳಿಯಿತು.

"ಮೂತ್ರದಲ್ಲಿ ಕಲ್ಲಾಗಿದೆ ಕಣಪ್ಪ. ಇದನ್ನ ಕುಡಿದ್ರೆ ಕರಗ್ತದೆ ಅಂತ ಯಾರೋ ಹೇಳಿದ್ರು. ಮನೇಲೂ ಒಪ್ಪಿದ್ದಾರೆ, ಕಲ್ಲು ಹೋಗೋವರ್ಗೆ ಮಾತ್ರ. ಸಾದಾದು ಸಾಕೋ, ದುಬಾರೀದೇ ಬೇಕೋ?"

ನನ್ನ ಕಣ್ಣೆದುರು ತರೀಕೆರೆ ಬಸ್ಸು ಬಂದು ನಿಂತಿತು. "ಅಜ್ಜಾ, ಆರೋಗ್ಯದ ವಿಷಯ. ಸಾದಾದು ಯಾಕೆ?" ಅಂದೆ. ಊಟಕ್ಕೆ ಮುಂಚೆಯೋ ಆಮೇಲೋ, ಪಥ್ಯವೇನು, ಮಜ್ಜಿಗೆ ಕುಡಿಯಬಹುದೇ, ಎಲ್ಲಾ ಕೇಳಿಕೊಂಡರು. ಬಾಟ್ಲಿಯನ್ನು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಹೋದರು.

ಒಂದು ತಿಂಗಳ ಮೇಲೆ ಮತ್ತೆ ಕೊಡೆ ಬಂತು. ಹೊತ್ತಿಗೆ ಎರಡು ಚಮಚದ ಲೆಕ್ಕದಲ್ಲಿ ಆಗಷ್ಟೇ ಬಾಟ್ಲಿ ಮುಗಿದಿತ್ತಂತೆ. "ಮೊದ್ಲು ಬುಸುಬುಸು ಅಂತಿತ್ತು, ಆಮೇಲೆ ಸುಮ್ನಾಗ್ಬಿಡ್ತು. ಆದ್ರೂ ಬಿಡ್ಲಿಲ್ಲ. ಇನ್ನೊಂದು ಕೊಡು" ಅಂದರು. ನನಗೆ ಪಾಪ ಅನ್ನಿಸಿ, "ಕಲ್ಲು ಇನ್ನೂ ಹೋಗ್ಲಿಲ್ವಾ ಅಜ್ಜಾ?" ಅಂತ ಕೇಳಿದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹೋಗಿ ಎಂಟು ದಿನ ಆಯ್ತು. ಮನೇಲಿ ಇನ್ನೂ ಹೇಳಿಲ್ಲ."

ಬಾವಿಯಲ್ಲಿ ಚಿನ್ನ

ಹೊತ್ತಿಗೆರಡು ಚಮಚದ ವ್ಯಾಪಾರದಿಂದ ನನ್ನ ಕೆಲಸ ಉಳಿಯುವಂತಿರಲಿಲ್ಲ. ಪಶ್ಚಿಮಕ್ಕೆ ಮೋಡ ಕಟ್ಟತೊಡಗಿತು. ಯಜಮಾನರು ಕೊನೆಯ ಗಡುವು ಕೊಟ್ಟರು: "ನಾಳೆ ಸಂತೆ. ನಮ್ಮ ಸಣ್ಣ ಫ್ರಿಜ್ಜು ನಂಬ್ಕಬೇಡ. ಅಷ್ಟನ್ನೂ ಬಾವಿಗೆ ಇಳಿಬಿಟ್ಟು ತಣ್ಣಗೆ ಮಾಡು. ನಾಳೆಯೂ ಹೋಗ್ಲಿಲ್ಲ ಅಂದ್ರೆ ನಾಡಿದ್ದು ನಿನ್ನ ಟ್ರಂಕು ಕಟ್ಟು."

ಅಂಗಡಿಯ ಹಿಂದೆ ಬಾವಿ ಇತ್ತು. ಚಿನ್ನದ್ದು, ಬಿಳಿಯದು ಎಲ್ಲವನ್ನೂ ಕೈಗೆ ಸಿಕ್ಕ ಹಾಗೆ ಬಿದಿರು ಬುಟ್ಟಿಗಳಿಗೆ ತುಂಬಿ ಹಗ್ಗದಲ್ಲಿ ಇಳಿಸಿದೆ. ಬೆರೆತರೇನು, ಮೇಲೆ ಲೇಬಲ್ ಇದೆಯಲ್ಲ. ಒಂದು ಗಂಟೆ ಬಿಟ್ಟು ಎತ್ತಬೇಕು ಅಂತ ಕಟ್ಟೆಯ ಮೇಲೆ ಕೂತೆ. ಕೆಳಗೆ ನೀರಿನಲ್ಲಿ ಆಕಾಶ ಇತ್ತು, ಮೋಡ ಇತ್ತು, ಮೋಡದ ನಡುವೆ ನಮ್ಮ ಬಾಟ್ಲಿಗಳು ಮಿನುಗುತ್ತಿದ್ದವು. ಇದನ್ನೆಲ್ಲ ಬಿಟ್ಟು ಹೋಗಬೇಕಲ್ಲ ಅಂದುಕೊಂಡೆ. ಹಾಗೇ ನೋಡುತ್ತಾ ನೋಡುತ್ತಾ ಸಂಜೆಯಾಯಿತು, ಎದ್ದು ರೂಮಿಗೆ ಹೋಗಿ ಮಲಗಿಬಿಟ್ಟೆ.

ಬೆಳಿಗ್ಗೆ ಬಂದು ಬಗ್ಗಿದರೆ ಬಾವಿಯ ತುಂಬ ಚಿನ್ನ. ಎಷ್ಟು ಚೆಂದ ಅಂತ ಒಂದು ಕ್ಷಣ ಮೈಮರೆತೆ. ಎರಡನೇ ಕ್ಷಣಕ್ಕೆ ಹಗ್ಗ ಹಿಡಿದು ಎಳೆದೆ. ಲೇಬಲ್ಲುಗಳೆಲ್ಲ ನೆನೆದು ಬಿಟ್ಟು ನೀರಿನ ಮೇಲೆ ತೇಲುತ್ತಿದ್ದವು, ಎತ್ತಿದ ಬಾಟ್ಲಿಗಳೆಲ್ಲ ಬೋಳು. ಯಾವುದು ಚಿನ್ನದ್ದು, ಯಾವುದು ಸಾದಾ, ದೇವರಿಗೇ ಗೊತ್ತು.

ಯಜಮಾನರು ಬಂದು ನೋಡಿ, ಬೈಯುವುದಕ್ಕೂ ಶಕ್ತಿಯಿಲ್ಲದೆ ಕಟ್ಟೆಯ ಮೇಲೆ ಕೂತರು. "ಟ್ರಂಕು ಕಟ್ಟು" ಅಂದರು, ಅಷ್ಟೇ. ಅಷ್ಟರಲ್ಲಿ ಸಂತೆಯ ಜನ ಬಾಗಿಲಿಗೆ ಬಂದಿತ್ತು. ವಿಧಿಯಿಲ್ಲದೆ ಅವರು ಎದ್ದು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ನೋಡ್ರಪ್ಪಾ, ಅದೂ ಇದೂ ಬೆರ್ತೋಗಿದೆ. ಎರಡರ ನಡುವಿನ ಒಂದೇ ದರ. ಯಾರ ಪಾಲಿಗೆ ಏನು ಬತ್ತದೋ ಬರ್ಲಿ."

ಮುಂದೆ ನಿಂತಿದ್ದವರು ರಿಟೈರಾದ ರೈಲ್ವೆ ಗಾರ್ಡು. "ಕೊಡಿ ಇಲ್ಲಿ, ನಾನು ಊರೂರು ನೀರು ಕುಡಿದೋನು, ಒಂದೇ ಗುಟುಕಿಗೆ ಹೇಳ್ತೀನಿ" ಅಂತ ಒಂದು ಬಾಟ್ಲಿ ಕುಡಿದು ಕಣ್ಣು ಮುಚ್ಚಿದರು. "ಇದೇ ಕಣ್ರೀ ಚಿನ್ನದ್ದು!" ಪಕ್ಕದವನು ತನ್ನದನ್ನು ಕುಡಿದು, "ಅದು ಹೆಂಗಾಗ್ತದೆ? ಚಿನ್ನದ್ದು ನಂದು" ಅಂದ. ಗಾರ್ಡು ಸಾಹೇಬರಿಗೆ ರೋಷ ಬಂತು. ಹೋಲಿಸಿ ನೋಡಲು ಇನ್ನೊಂದು ತೆಗೆಸಿದರು. ಅದೂ ಚಿನ್ನದ್ದೇ. ಆಮೇಲೆ ನೋಡಬೇಕಿತ್ತು. ಪ್ರತಿಯೊಬ್ಬನೂ ಒಂದು ಕುಡಿದು ಚಿನ್ನ ಅಂದ, ಅದನ್ನು ರುಜುವಾತು ಮಾಡಲು ಇನ್ನೊಂದು ಕುಡಿದ. ನನ್ನ ಪಾಲಿಗೆ ಸಾದಾ ಬಂತು ಅಂದವನು ಒಬ್ಬನೂ ಇಲ್ಲ. ಸಂತೆ ಮುಗಿಯುವ ಮೊದಲೇ ಬಾವಿ ಬರಿದು.

ಯಜಮಾನರು ಖಾಲಿ ಬುಟ್ಟಿಗಳನ್ನು ನೋಡಿದರು, ನನ್ನನ್ನು ನೋಡಿದರು. "ನಾಳೆ ಬೇಗ ಬಾಗಿಲು ತೆಗಿ" ಅಂದರು. ನನಗೆ ಕಣ್ಣಲ್ಲಿ ನೀರೇ ಬಂತು.

ವಾರ ಕಳೆದು ಕಂಪನಿ ಏಜೆಂಟು ಬಂದ. ಹತ್ತೂ ಪೆಟ್ಟಿಗೆ ಖಾಲಿಯಾದದ್ದು ಕೇಳಿ ಕುರ್ಚಿಯಿಂದ ಎದ್ದೇ ನಿಂತ. "ಚಿಕ್ಕಮಗಳೂರಲ್ಲೇ ಅರ್ಧ ಹೋಗಿಲ್ಲ ಸಾರ್, ನೀವೇನು ಮಾಡಿದ್ರಿ?"

ಯಜಮಾನರು ಗಂಭೀರವಾಗಿ ಹೇಳಿದರು: "ನಿಮ್ಮ ಬೀರು ಚೆನ್ನಾಗೇ ಇದೆ, ಲೇಬಲ್ಲೇ ಅಡ್ಡ ಬತ್ತಿತ್ತು. ಮುಂದಿನ ಲೋಡು ಇಪ್ಪತ್ತು ಪೆಟ್ಟಿಗೆ ಕಳಿಸಿ. ಚಿನ್ನದ್ದು ಹತ್ತು, ಸಾದಾದು ಹತ್ತು, ಯಾವುದಕ್ಕೂ ಲೇಬಲ್ ಬೇಡ."

ಏಜೆಂಟು ಗಾಬರಿಯಿಂದ ಎರಡೂ ಕೈ ಆಡಿಸಿದ. "ಅದು ಮಾತ್ರ ಆಗಲ್ಲ ಸಾರ್! ಲೇಬಲ್ ಹಚ್ಚಿಲ್ಲ ಅಂದ್ರೆ ಯಾವುದು ಯಾವುದು ಅಂತ ನಮಗಾದ್ರೂ ಹೆಂಗೆ ಗೊತ್ತಾಗ್ಬೇಕು?"